ತೂಕದಕ್ಕ ಬೆಂಚಿನ ಮೇಲೆ ಕೂತ ಬುಧವಾರ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ. ಸಂಬಳದ ಚೀಟಿಯಲ್ಲಿ ಅದು ತಿಂಗಳು ತಿಂಗಳೂ ತಪ್ಪಾಗಿ ಅಚ್ಚಾಗುತ್ತದೆ, ಅದು ಬಿಟ್ಟರೆ ಯಾರಿಗೂ ಅದರ ಅಗತ್ಯ ಬಿದ್ದಿಲ್ಲ. ಆಸ್ಪತ್ರೆಯ ಎರಡನೆಯ ಮಹಡಿಯ ಎಚ್‌ಐವಿ ವಿಭಾಗಕ್ಕೆ ಬರುವ ಆರುನೂರು ಚಿಲ್ಲರೆ ಜನಕ್ಕೆ ಅವಳು ತೂಕದಕ್ಕ. ಮೆಟ್ಟಿಲು ಹತ್ತಿ ಬಲಕ್ಕೆ ತಿರುಗಿದರೆ ಉದ್ದನೆಯ ಕಾರಿಡಾರು, ಅದರ ಬಾಯಲ್ಲೇ ಅವಳ ತೂಕದ ಯಂತ್ರ, ಒಂದು ಸ್ಟೂಲು, ಒಂದು ದಪ್ಪ ರಿಜಿಸ್ಟರು. ಮಾತ್ರೆ ಒಯ್ಯಲು ಬರುವವರು ದೊಡ್ಡವರಿರಲಿ ಚಿಕ್ಕವರಿರಲಿ ಮೊದಲು ಆ ಯಂತ್ರದ ಮೇಲೆ ನಿಂತು ಬರಬೇಕು. "ಚಪ್ಪಲಿ ಬಿಡಿ, ಉಸಿರು ಬಿಡಿ, ಚಿಂತೆ ಬಿಡಿ" ಎಂದು ಅವಳು ದಿನಕ್ಕೆ ಐವತ್ತು ಸಲ ಹೇಳುತ್ತಾಳೆ, ಐವತ್ತನೆಯ ಸಲವೂ ಮೊದಲ ಸಲದ ಹುರುಪಿನಲ್ಲೇ.

ಯಂತ್ರ ತೋರಿಸುವುದು ಬರೀ ಅಂಕಿ. ಅದರಲ್ಲಿ ಅವಳು ಓದುವುದು ಸಂಸಾರ. ಎರಡು ಕಿಲೋ ಏರಿದ್ದರೆ ಮಗಳ ಮನೆಗೆ ಹೋಗಿ ಬಂದಿದ್ದಾರೆ. ಒಂದು ಇಳಿದಿದ್ದರೆ ಹೆಂಡತಿ ತವರಿಗೆ ಹೋಗಿ ಗಂಡ ಅಡುಗೆಗಿಳಿದಿದ್ದಾನೆ. ಹೀಗೆ ಊಹಿಸಿ ಮುಖಕ್ಕೇ ಹೇಳಿಬಿಡುತ್ತಾಳೆ, ಹತ್ತರಲ್ಲಿ ಏಳು ಸಲ ಸರಿಯಾಗಿರುತ್ತದೆ. ಉಳಿದ ಮೂರು ಸಲ ಯಂತ್ರದ್ದೇ ತಪ್ಪು ಎಂದು ವಾದಿಸುತ್ತಾಳೆ.

ಹದಿನೇಳು ವರ್ಷದ ಹಿಂದೆ ಇದೇ ಮೆಟ್ಟಿಲನ್ನು ಅವಳು ಸ್ವಂತ ಕಾಲಿನಿಂದ ಹತ್ತಿರಲಿಲ್ಲ. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ಅವಳ ತೂಕ ಮೂವತ್ತನಾಲ್ಕು ಕಿಲೋ, ಗಂಡನಿಗಿದ್ದ ಕಾಯಿಲೆಯೇ ತನಗೂ ಇದೆ ಎಂದು ಗೊತ್ತಾಗಿ ವಾರವಾಗಿತ್ತು. ಅತ್ತೆ ಅವಳನ್ನು ಅರ್ಧ ಹೊತ್ತು ಅರ್ಧ ಎಳೆದು ಮೇಲೆ ತಂದಿದ್ದಳು. ಸೊಸೆಯನ್ನು ಮನೆಯಿಂದ ಹೊರಗೆ ಹಾಕು ಎಂದು ಉಪದೇಶ ಮಾಡಲು ಬಂದ ನೆಂಟರನ್ನೇ ಹೊರಗೆ ಹಾಕಿ ಬಾಗಿಲು ಜಡಿದ ಹೆಂಗಸು ಅವಳ ಅತ್ತೆ. ಮಾತ್ರೆ ಶುರುವಾಯಿತು, ಜೀವ ಹಿಂದಕ್ಕೆ ಬಂತು. ವರ್ಷದೊಳಗೆ ಅವಳು ಸಾಲಿನಲ್ಲಿದ್ದ ಬೇರೆಯವರಿಗೆಲ್ಲ ಮಾತ್ರೆ ತಪ್ಪಿಸಿದ್ದೀರಾ ಎಂದು ಗದರುವ ಮಟ್ಟಕ್ಕೆ ಬಂದಳು. ಹೇಗೂ ಗದರುತ್ತಾಳಲ್ಲ, ಸಂಬಳ ತೆಗೆದುಕೊಂಡೇ ಗದರಲಿ ಎಂದು ದೊಡ್ಡ ನರ್ಸು ಅವಳನ್ನು ಕೆಲಸಕ್ಕೆ ಹಾಕಿಕೊಂಡರು.

ಕಾರಿಡಾರಿನ ಆ ತುದಿಯಲ್ಲಿ ಇನ್ನೊಂದು ಬಾಗಿಲು. ಪ್ರತಿ ಬುಧವಾರ ಅಲ್ಲಿ ಮನಸ್ಸಿನ ಡಾಕ್ಟರು ಕೂರುತ್ತಾರೆ. ಸಣ್ಣ ದನಿಯ, ನಾಚಿಕೆ ಸ್ವಭಾವದ ಮನುಷ್ಯ. ಬಾಗಿಲ ಹೊರಗೆ ಒಂದು ಬೆಂಚು, ಬೆಂಚಿನ ನೆತ್ತಿಯ ಮೇಲೆ ಇಡೀ ಮಹಡಿಯಲ್ಲಿ ಸರಿಯಾಗಿ ತಿರುಗುವ ಏಕೈಕ ಫ್ಯಾನು. ಆದರೂ ಜನ ಮಂಡಿ ನೋಯಿಸಿಕೊಂಡು ಗೋಡೆಗೊರಗಿ ನಿಲ್ಲುತ್ತಿದ್ದರೇ ಹೊರತು ಆ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಮಾತ್ರೆಯ ಸಾಲಿನಲ್ಲಿ ಎಲ್ಲರದೂ ಒಂದೇ ಕಥೆ, ಅಲ್ಲಿ ಯಾರೂ ಯಾರಿಗೂ ಕಡಿಮೆಯಲ್ಲ. ಆ ಬೆಂಚಿನ ಮೇಲೆ ಕೂತರೆ ಮಾತ್ರ ಇದೇ ಜನರ ಕಣ್ಣಲ್ಲೇ ಒಂದು ಮೆಟ್ಟಿಲು ಕೆಳಗಿಳಿದ ಹಾಗೆ. ಊರೆಲ್ಲ ತಮ್ಮನ್ನು ದೂರ ಇಟ್ಟಿತೆಂದು ಕಣ್ಣೀರು ಹಾಕುವ ಜನ ತಮ್ಮೊಳಗೇ ದೂರ ಇಡುವುದಕ್ಕೆ ಒಂದು ಬೆಂಚು ಹುಡುಕಿಕೊಂಡಿದ್ದರು. ಮನುಷ್ಯರ ಬುದ್ಧಿ ಇಷ್ಟೇ. ಡಾಕ್ಟರು ಪಾಪ, ಒಳಗೆ ಪತ್ರಿಕೆಯ ಪದಬಂಧವನ್ನೆಲ್ಲ ಬಿಡಿಸಿ ಮುಗಿಸಿ ಕಿಟಕಿ ನೋಡುತ್ತ ಕೂತಿರುತ್ತಿದ್ದರು.

ತೂಕದಕ್ಕ ಆ ಡಾಕ್ಟರನ್ನು ಎಲ್ಲರೆದುರೂ ಹೊಗಳುತ್ತಿದ್ದಳು. ನಿದ್ದೆ ಬಾರದವರಿಗೆ, ಮಾತ್ರೆ ನುಂಗಲು ಬೇಸರವೆನ್ನುವವರಿಗೆ, ಒಮ್ಮೆ ಹೋಗಿ ಬನ್ನಿ, ದೇವರಂಥ ಮನುಷ್ಯ ಎನ್ನುತ್ತಿದ್ದಳು. ಒಂದು ವಿಷಯ ಮಾತ್ರ ಹೇಳುತ್ತಿರಲಿಲ್ಲ. ಆರು ವರ್ಷದ ಹಿಂದೆ, ಎಲ್ಲ ಸರಿಯಾಗಿದ್ದಾಗಲೇ, ಒಂದು ಬೆಳಿಗ್ಗೆ ಬಸ್ಸು ಎದುರಿಗೆ ಬಂದು ನಿಂತರೂ ಅವಳಿಗೆ ಕಾಲೆತ್ತಿ ಹತ್ತಲಾಗಲಿಲ್ಲ. ನಾಲ್ಕು ಬಸ್ಸು ಹೋದವು. ಐದನೆಯದಕ್ಕೆ ಹೇಗೋ ಹತ್ತಿ ಬಂದಳು, ನಕ್ಕಳು, ತೂಕ ನೋಡಿದಳು. ಹೀಗೇ ಮೂರು ತಿಂಗಳು ನಡೆಯಿತು. ಒಂದು ಬುಧವಾರ ಸಂಜೆ ರಿಜಿಸ್ಟರಿಗೆ ಸಹಿ ಹಾಕಿಸಲು ಆ ಕೋಣೆಗೆ ಹೋದಾಗ ಡಾಕ್ಟರು ಸುಮ್ಮನೆ, ಹೇಗಿದ್ದೀರಿ ಎಂದು ಕೇಳಿದರು. ಅವಳು ಇಪ್ಪತ್ತು ನಿಮಿಷ ಅತ್ತಳು. ಅಂದಿನಿಂದ ಅವಳಿಗೂ ದಿನಕ್ಕೊಂದು ಬಿಳಿ ಮಾತ್ರೆ. ತಿಂಗಳಿಗೊಮ್ಮೆ ಜನರೆಲ್ಲ ಹೋದ ಮೇಲೆ ಕಂಕುಳಲ್ಲಿ ರಿಜಿಸ್ಟರು ಇಟ್ಟುಕೊಂಡು, ಸಹಿಗೆಂದು ಹೋಗುವವಳಂತೆ ಒಳಗೆ ಹೋಗಿ ಬರುತ್ತಿದ್ದಳು. ತನಗೆ ವೈರಸ್ ಇದೆ ಎಂದು ಸಾವಿರ ಜನರ ಸಭೆಯಲ್ಲಿ ಮೈಕು ಹಿಡಿದು ಹೇಳಿದವಳಿಗೆ ಇದನ್ನು ಮಾತ್ರ ಬಾಯಿಬಿಡಲು ಆಗಿರಲಿಲ್ಲ.

ಆ ಸಾಲಿನಲ್ಲಿ ಒಬ್ಬ ದರ್ಜಿ ಇದ್ದ. ನಲವತ್ತು ದಾಟಿದ ವಯಸ್ಸು, ಸಾಲಿನಲ್ಲಿ ಅವನು ನಿಂತನೆಂದರೆ ಹಿಂದೆ ಮುಂದೆ ಹತ್ತು ಜನಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಗು. ಹನ್ನೊಂದು ವರ್ಷದಿಂದ ಒಂದು ಮಾತ್ರೆಯನ್ನೂ ತಪ್ಪಿಸಿದವನಲ್ಲ. ಒಂದು ದಿನ ಅವನು ಯಂತ್ರದ ಮೇಲೆ ನಿಂತಾಗ ಐವತ್ತಾರು ಕಿಲೋ ಇನ್ನೂರು ಗ್ರಾಂ ಎಂದು ಬಂತು. ತೂಕದಕ್ಕ ಬರೆಯಲು ಹೋಗಿ ಪೆನ್ನು ನಿಲ್ಲಿಸಿದಳು. ಹಿಂದಿನ ತಿಂಗಳೂ ಐವತ್ತಾರು ಇನ್ನೂರು. ಅದರ ಹಿಂದೆಯೂ. ಅದರ ಹಿಂದೆಯೂ. ಉಸಿರಾಡುವ ಮನುಷ್ಯ ನಾಲ್ಕು ತಿಂಗಳು ಒಂದು ಗ್ರಾಂ ಆಚೀಚೆಯಾಗದೆ ಇರಲು ಸಾಧ್ಯವೇ ಇಲ್ಲ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪ್ಯಾಂಟು ಸೊಂಟಕ್ಕೆ ಸರಿಯಾಗಿ ಕೂತಿತ್ತು, ಅಂಗಿ ಹೆಗಲಿಗೆ ಸರಿಯಾಗಿತ್ತು. ಕೈಗಡಿಯಾರ ಮಾತ್ರ ಮೊಣಕೈಯವರೆಗೆ ಜಾರುತ್ತಿತ್ತು.

ಜೇಬು ಖಾಲಿ ಮಾಡಿ ಎಂದಳು. ಅವನು ಏನೋ ಜೋಕು ಹೊಡೆದ. ಅವಳು ಬಿಡಲಿಲ್ಲ. ಮೊದಲು ಬಂದದ್ದು ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಆಮೇಲೆ ಬಟ್ಟೆ ಹಾರದಂತೆ ಇಡುವ ಎರಡು ಕಬ್ಬಿಣದ ತುಂಡು. ಆಮೇಲೆ ಸೊಂಟಪಟ್ಟಿಯ ಒಳಗೆ ಸುತ್ತಲೂ ಹೊಲಿದ ಪುಟ್ಟ ಪುಟ್ಟ ಚೀಲಗಳಿಂದ, ಕಿಟಕಿ ಪರದೆಯ ಅಂಚಿಗೆ ಹಾಕುವ ಸೀಸದ ಗುಂಡುಗಳು, ಒಂದಾದ ಮೇಲೊಂದು. ಮೈ ಇಳಿಯುತ್ತ ಹೋದ ಹಾಗೆಲ್ಲ, ಯಾರೂ ಯಾಕೆಂದು ಕೇಳದಿರಲೆಂದು, ಅವನು ತನ್ನ ಬಟ್ಟೆಗಳನ್ನು ತಾನೇ ಹಿಡಿದು ಹೊಲಿದುಕೊಂಡಿದ್ದ, ಮನೆಯಲ್ಲೇ ತೂಗಿ ನೋಡಿ ಕೊರತೆಯನ್ನು ಸೀಸದಿಂದ ತುಂಬಿದ್ದ. ಬೇರೆ ಯಾರಾದರೂ ಆಗಿದ್ದರೆ ಅಂದಾಜಿನಲ್ಲಿ ತುಂಬಿ ಬಚಾವಾಗುತ್ತಿದ್ದರು. ದರ್ಜಿಯಲ್ಲವೇ, ನೂಲಿನಷ್ಟೂ ಹೆಚ್ಚುಕಡಿಮೆಯಾಗದಂತೆ ಅಳೆದು ಸಿಕ್ಕಿಬಿದ್ದ. ಯಂತ್ರ ಈಗ ಐವತ್ತು ಕಿಲೋ ನಾನೂರು ಗ್ರಾಂ ತೋರಿಸಿತು.

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ತೂಕದಕ್ಕನೂ ನಕ್ಕಳು. ಆ ನಗುವಿನ ಭರದಲ್ಲೇ ಅವಳ ನಾಲಿಗೆ ಜಾರಿತು. "ನಿಮಗೆ ಈ ಮಿಷನ್ ಅಲ್ಲಣ್ಣ, ಆ ಕೊನೆ ಬಾಗಿಲು ಬೇಕು" ಎಂದು ಕಾರಿಡಾರಿಗೆಲ್ಲ ಕೇಳುವಂತೆ ಹೇಳಿ, ಬೆರಳು ಮಾಡಿ ಬೆಂಚು ತೋರಿಸಿಬಿಟ್ಟಳು. ಎಲ್ಲರ ತಲೆಯೂ ಅತ್ತ ತಿರುಗಿತು, ಮತ್ತೆ ಅವನತ್ತ ತಿರುಗಿತು. ದರ್ಜಿಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅವನು ಕತ್ತರಿ, ಕಬ್ಬಿಣ, ಗುಂಡು ಎಲ್ಲವನ್ನೂ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು, ಮಾತ್ರೆ ತೆಗೆದುಕೊಂಡು ಇಳಿದು ಹೋದ. ಮುಂದಿನ ತಿಂಗಳು ಬರಲಿಲ್ಲ.

ಮಾತ್ರೆ ಮುಗಿಯುವ ದಿನ ದಾಟಿತು. ಫೋನು ಮಾಡಿದರೆ ಎತ್ತಲಿಲ್ಲ. ಎಂಟನೆಯ ದಿನಕ್ಕೆ ತೂಕದಕ್ಕನಿಗೆ ಅನ್ನ ಇಳಿಯದಾಯಿತು. ಹನ್ನೊಂದು ವರ್ಷ ಕಾಪಾಡಿಕೊಂಡು ಬಂದ ಜೀವವನ್ನು ತಾನು ಒಂದು ತಮಾಷೆಗೆ ಕಳೆದೆನಲ್ಲ ಎಂದು ಅವಳಿಗೆ ಎದೆ ಸುಡುತ್ತಿತ್ತು. ಅವಳ ಕೆಲಸದಲ್ಲಿ ಒಂದು ನಿಯಮವಿದೆ: ಹೊರಗೆ ಎಲ್ಲೇ ಸಿಕ್ಕರೂ ಇವರು ನನಗೆ ಗೊತ್ತು ಎಂದು ತೋರಿಸಿಕೊಳ್ಳುವಂತಿಲ್ಲ. ಅಂಗಡಿಗೆ ಹೋಗಿ, ಯಾಕಪ್ಪಾ ಬರಲಿಲ್ಲ ಎಂದು ಕೇಳುವ ಹಾಗಿಲ್ಲ. ಗಿರಾಕಿಯಾಗಿ ಹೋಗಬಾರದೆಂದು ಮಾತ್ರ ಯಾವ ನಿಯಮದಲ್ಲೂ ಬರೆದಿಲ್ಲ. ದೊಡ್ಡ ನರ್ಸಿಗೆ ಹೇಳಿ ಒಂದು ತಿಂಗಳ ಮಾತ್ರೆ ಪಡೆದಳು. ದಾರಿಯಲ್ಲಿ ಸಿಕ್ಕ ಅಂಗಡಿಯಲ್ಲಿ ಕೈಗೆ ಬಂದ ಬಟ್ಟೆ ಕೊಂಡಳು. ಗಡಿಬಿಡಿಯಲ್ಲಿ ಬಂದದ್ದು ಕಣ್ಣಿಗೆ ಹೊಡೆಯುವ ಗಿಳಿಹಸಿರು. ಅದರ ಮಡಿಕೆಯೊಳಗೆ ಮಾತ್ರೆಯ ಪೊಟ್ಟಣ ಇಟ್ಟು ಹೊರಟಳು.

ಅಂಗಡಿಯೆಂದರೆ ಒಂದೇ ಕೋಣೆ. ಎದುರಿಗೆ ಕತ್ತರಿಸುವ ಮೇಜು, ಹಿಂದೆ ಗುಂಡಿಯ ಕಣ್ಣು ಹೊಲಿಯುವ ಯಂತ್ರ, ಯಂತ್ರದ ಮುಂದೆ ದರ್ಜಿಯ ಅಕ್ಕ. ದರ್ಜಿ ತೂಕದಕ್ಕನನ್ನು ನೋಡಿ ಬಿಳಿಚಿಕೊಂಡ. ಅಂಗಿ ಹೊಲಿಸಬೇಕಿತ್ತು, ಅಳತೆ ತಗೊಳ್ಳಿ ಎಂದು ಇವಳು ಜೋರಾಗಿ ಹೇಳಿದಳು. ಅವನಿಗೆ ಟೇಪು ಎತ್ತಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಆಮೇಲೆ ನಡೆದ ಸಂಭಾಷಣೆ ವಿಚಿತ್ರವಾಗಿತ್ತು. ಹಿಂದಿನ ಯಂತ್ರ ಗಡಗಡ ಓಡುವಾಗ ಮಾತು, ಅದು ನಿಂತ ಕೂಡಲೇ ಅಳತೆ.

ಯಂತ್ರ ಓಡಿತು. ಬಟ್ಟೆಯ ಮಡಿಕೆಯಲ್ಲಿ ಮಾತ್ರೆಯಿದೆ, ಇವತ್ತಿನಿಂದಲೇ ಶುರುಮಾಡಿ, ಆವತ್ತು ನಾನು ಆಡಿದ್ದು ದೊಡ್ಡ ತಪ್ಪು ಎಂದು ತೂಕದಕ್ಕ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಯಂತ್ರ ನಿಂತಿತು. ತೋಳು ಇಪ್ಪತ್ತೆರಡು ಎಂದ ದರ್ಜಿ. ಯಂತ್ರ ಮತ್ತೆ ಓಡಿದಾಗ ಅವನು ಅವಳ ಬೆನ್ನ ಹಿಂದೆ ನಿಂತು ಹೆಗಲ ಅಳತೆ ಹಿಡಿದಿದ್ದ. ಮುಖ ಕಾಣದ್ದರಿಂದಲೋ ಏನೋ, ಮಾತು ತಾನಾಗಿ ಬಂತು.

"ನಮ್ಮಪ್ಪನ್ನ ಬೀದಿಯವರೆಲ್ಲ ಹುಚ್ಚ ಅಂತಿದ್ರು. ಮೂರು ವರ್ಷ ಮೂಲೇಲಿ ಗೋಡೆ ನೋಡ್ಕೊಂಡು ಕೂತಿದ್ರು, ಹಾಗೇ ಹೋಗ್ಬಿಟ್ರು. ಈಗ ನನಗೂ ಬೆಳಿಗ್ಗೆ ಎದ್ರೆ ಗೋಡೆ ನೋಡ್ಬೇಕು ಅನ್ಸತ್ತೆ. ಈ ಕಾಯಿಲೆ ಬಂದಾಗ ಅಕ್ಕ ತಡ್ಕೊಂಡ್ಲು. ಅಪ್ಪಂದೂ ಬಂತು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಯಂತ್ರ ನಿಂತಿತು. ಹೆಗಲು ಹದಿನೈದು ಎಂದ ದರ್ಜಿ. ಕಾಲರು ಅಗಲ ಬೇಡ ಎಂದಳು ತೂಕದಕ್ಕ. ಯಂತ್ರ ಓಡುವವರೆಗೆ ಇಬ್ಬರೂ ಕಾಲರಿನ ಬಗ್ಗೆ ಇಲ್ಲಸಲ್ಲದ ಚರ್ಚೆ ನಡೆಸಿದರು. ಓಡಿದ ಮೇಲೆ ಅವಳು ತಾನೂ ಆ ಡಾಕ್ಟರ ಮಾತ್ರೆಯನ್ನು ಆರು ವರ್ಷದಿಂದ ತೆಗೆದುಕೊಳ್ಳುತ್ತಿರುವುದನ್ನು ಹೇಳಿದಳು. ಬಸ್ಸಿನ ಕಥೆ ಹೇಳಿದಳು. ದರ್ಜಿಯ ಟೇಪು ನಿಂತಿತು. ಆ ಬೆಂಚಿನ ಮೇಲೆ ಒಂದು ದಿನವೂ ನಿಮ್ಮನ್ನು ನೋಡಿಲ್ಲವಲ್ಲ ಎಂದ. ಅವಳು ರಿಜಿಸ್ಟರಿನ ನಾಟಕವನ್ನೂ ಹೇಳಬೇಕಾಯಿತು. ಹೇಳುವಾಗ ಅದು ಎಷ್ಟು ಹಾಸ್ಯಾಸ್ಪದ ಎಂದು ಅವಳಿಗೇ ಮೊದಲ ಸಲ ಕೇಳಿಸಿತು.

"ಹಾಗಾದ್ರೆ ನಿಮಗೂ ನಾಚಿಕೆನೇ," ಎಂದ ದರ್ಜಿ. "ಬೆರಳು ಮಾತ್ರ ನಮ್ ಕಡೆ. ನೀವು ಹಾಡಹಗಲಲ್ಲಿ ಎಲ್ರೆದುರು ಅಲ್ಲಿ ಕೂತ್ಕೊಳ್ಳಿ. ಆಮೇಲೆ ನನ್ನ ಕರೀರಿ."

ಎಂಥವರ ಬಾಯನ್ನೂ ಮುಚ್ಚಿಸುವ ತೂಕದಕ್ಕ ಇಂಗು ತಿಂದ ಮಂಗನಂತೆ ನಿಂತಳು. ಯಂತ್ರ ನಿಂತಾಗ ದರ್ಜಿಯ ಅಕ್ಕ ತಲೆಯೆತ್ತಿ, ಒಂದು ಅಂಗಿಗೆ ಅರ್ಧ ಗಂಟೆ ಅಳತೆಯೇನೋ, ಇದೇನು ಹಡಗಿಗೆ ಹಾಯಿ ಹೊಲಿಯುತ್ತಿದ್ದೀಯಾ ಎಂದು ತಮ್ಮನನ್ನು ಗದರಿದಳು.

ಅದು ಸೋಮವಾರ. ಮಂಗಳವಾರ ಸಂಜೆಯವರೆಗೂ ತೂಕದಕ್ಕ ಮನೆಯಲ್ಲಿ ಪಾತ್ರೆ ಎತ್ತಿ ಕುಕ್ಕುತ್ತಿದ್ದಳು. ಅತ್ತೆ ಕಿಟಕಿಯ ಬಳಿ ಕೂತು ಅವರೆಕಾಳು ಸುಲಿಯುತ್ತಿದ್ದಳು. ಊರಿಗೆ ಹೇಳುವ ಮೊದಲು ಮನೆಗೆ ಹೇಳಬೇಕು, ಇಲ್ಲದಿದ್ದರೆ ಮುದುಕಿಗೆ ಬೇರೆ ಯಾರ ಬಾಯಿಂದಲೋ ಗೊತ್ತಾಗಿ ಎದೆ ಒಡೆಯುತ್ತದೆ. ಅವಳು ಎದುರಿಗೆ ಕೂತು, ತಾನು ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತಿರುವುದನ್ನು, ಸಕ್ಕರೆ ಡಬ್ಬಿಯ ಹಿಂದೆ ಮಾತ್ರೆ ಬಚ್ಚಿಟ್ಟಿರುವುದನ್ನು ತೊದಲುತ್ತ ಹೇಳಿದಳು.

"ಆ ಬಿಳೀ ಮಾತ್ರೆನಾ," ಎಂದಳು ಅತ್ತೆ, ಕೈಯ ಕೆಲಸ ನಿಲ್ಲಿಸದೆ. "ಅದು ಶುರುವಾದ್ಮೇಲೇ ಅಲ್ವೇನೇ ನೀನು ಬೆಳಿಗ್ಗೆ ಬೆಳಿಗ್ಗೆ ನನ್ನ ಮೇಲೆ ರೇಗೋದು ಬಿಟ್ಟಿದ್ದು. ಎಲ್ಲಿ ಕೇಳಿದ್ರೆ ನಿಲ್ಲಿಸ್ಬಿಡ್ತೀಯೋ ಅಂತ ನಾನು ತೆಪ್ಪಗಿದ್ದೆ."

ಆರು ವರ್ಷ ಆ ಡಬ್ಬಿಯ ಹಿಂದೆ ಧೂಳು ಒರೆಸುವಾಗೆಲ್ಲ ಅತ್ತೆ ಆ ಮಾತ್ರೆಯ ಹಾಳೆಯನ್ನು ಎತ್ತಿ, ಎಷ್ಟು ಉಳಿದಿದೆ ನೋಡಿ, ಇದ್ದಲ್ಲೇ ಇಡುತ್ತಿದ್ದಳಂತೆ. ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದಳು. ಅತ್ತೆ ಅವರೆಕಾಳಿನ ತಟ್ಟೆಯನ್ನು ಅವಳ ಕಡೆ ನೂಕಿ, ಅಳುವುದಾದರೆ ಸುಲಿಯುತ್ತಾ ಅಳು ಎಂದಳು.

ಬುಧವಾರ ಹತ್ತು ಗಂಟೆ. ಯಂತ್ರದ ಮುಂದೆ ದೊಡ್ಡ ನರ್ಸನ್ನು ಕೂರಿಸಿ ತೂಕದಕ್ಕ ಟೋಕನ್ನಿನ ಕಿಟಕಿಗೆ ಹೋದಳು. ಮನಸ್ಸಿನ ಡಾಕ್ಟರಿಗೆ ಒಂದು ಚೀಟಿ ಎಂದಳು. ಯಾರಿಗೆ ಎಂದು ಗುಮಾಸ್ತ ತಲೆಯೆತ್ತದೆ ಕೇಳಿದ. ನನಗೇ ಎಂದಾಗ ತಲೆಯೆತ್ತಿದ. ಚೀಟಿ ಹಿಡಿದು ಅವಳು ಕಾರಿಡಾರಿನ ಉದ್ದಕ್ಕೂ ನಡೆದಳು. ಇಷ್ಟು ವರ್ಷ ಓಡಾಡಿದ ಕಾರಿಡಾರು ಅಷ್ಟು ಉದ್ದವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಕಂಕುಳಲ್ಲಿ ರಿಜಿಸ್ಟರಿಲ್ಲದೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಹೋಗಿ ಬೆಂಚಿನ ನಟ್ಟನಡುವೆ ಕೂತಳು.

ಮಾತ್ರೆಯ ಸಾಲಿನ ತಲೆಗಳೆಲ್ಲ ಅವಳತ್ತ ತಿರುಗಿದವು. ಕೊನೆಗೆ ಒಬ್ಬ ಹಳೆಯ ಲಾರಿ ಡ್ರೈವರು, ಏನು ತೂಕದಕ್ಕ, ಮಿಷನ್ನು ಕೆಟ್ಟಿತಾ ಎಂದು ಕೇಳಿದ. ಅವಳು ಗಂಟಲು ಸರಿಮಾಡಿಕೊಂಡಳು. ಮಿಷನ್ನು ಚೆನ್ನಾಗಿದೆ, ಕೆಟ್ಟಿದ್ದು ನಾನು, ಆರು ವರ್ಷದಿಂದ ಈ ಡಾಕ್ಟರೇ ರಿಪೇರಿ ಮಾಡುತ್ತಿದ್ದಾರೆ, ಇಲ್ಲಿಯವರೆಗೆ ಕಳ್ಳದಾರಿಯಲ್ಲಿ ಹೋಗುತ್ತಿದ್ದೆ, ಇವತ್ತಿನಿಂದ ನೇರ ದಾರಿ ಎಂದಳು. ಯಾರೂ ನಗಲಿಲ್ಲ. ಆ ಒಂದು ನಿಮಿಷ ಅವಳಿಗೆ ಎದ್ದು ಓಡಿಹೋಗಬೇಕೆನ್ನಿಸಿತು. ಸಾಲಿನ ಕಣ್ಣುಗಳು ಅವಳನ್ನು ಹೊಸದಾಗಿ ತೂಗುತ್ತಿದ್ದವು.

ಕಾಲು ಗಂಟೆಯ ಮೇಲೆ ಒಬ್ಬ ಬಾಣಂತಿ ಮಗುವನ್ನೆತ್ತಿಕೊಂಡು ಬಂದು, ಈ ಡಾಕ್ಟರು ಸುಮ್ಮಸುಮ್ಮನೆ ಅಳು ಬರುವುದಕ್ಕೂ ಏನಾದರೂ ಕೊಡುತ್ತಾರಾ ಎಂದು ಪಿಸುಗುಟ್ಟಿದಳು. ಕೂತು ಅವರನ್ನೇ ಕೇಳು ಎಂದು ತೂಕದಕ್ಕ ಜಾಗ ಬಿಟ್ಟಳು. ಆಮೇಲೆ ಲಾರಿ ಡ್ರೈವರು ಬಂದ. ತನಗೇನೂ ಇಲ್ಲ, ಮಂಡಿ ನೋವು, ಫ್ಯಾನಿಗಾಗಿ ಕೂತೆ ಎಂದು ಮೂರು ಸಲ ಹೇಳಿದ. ಹನ್ನೊಂದೂವರೆಗೆ ಬೆಂಚಿನ ಮೇಲೆ ಐದು ಜನ. ಡ್ರೈವರು ಸದ್ದಿಲ್ಲದೆ ಹೋಗಿ ಒಂದು ಚೀಟಿ ತಂದುಕೊಂಡಿದ್ದ. ಒಳಗಿದ್ದ ಡಾಕ್ಟರು ಬಾಗಿಲು ತೆರೆದು ನೋಡಿ, ತಪ್ಪು ಕೋಣೆಗೆ ಬಂದೆನೋ ಎಂಬಂತೆ ತಮ್ಮದೇ ಬೋರ್ಡನ್ನು ಓದಿಕೊಂಡರು.

ದರ್ಜಿ ಮಾತ್ರ ಬರಲಿಲ್ಲ. ತೂಕದಕ್ಕ ತನ್ನ ಸರದಿಯನ್ನು ಎರಡು ಸಲ ಬೇರೆಯವರಿಗೆ ಬಿಟ್ಟುಕೊಟ್ಟಳು. ಪ್ರತಿ ಹೆಜ್ಜೆಯ ಸದ್ದಿಗೂ ಮೆಟ್ಟಿಲ ಕಡೆ ನೋಡಿದಳು. ಹನ್ನೆರಡಾಯಿತು. ತಾನು ಮಾನ ಬಿಟ್ಟು ಕೂತದ್ದೂ ದಂಡವಾಯಿತೇ ಎಂದು ಅವಳಿಗೆ ಅಳು ಉಕ್ಕಿ ಬಂತು. ಬೇರೆಯವರಿಗೆ ಉಪಯೋಗವಾಯಿತು ನಿಜ, ಆದರೆ ಅವಳು ಕೂತದ್ದು ಒಬ್ಬನಿಗಾಗಿ.

ಹನ್ನೆರಡೂ ಕಾಲಿಗೆ ಮೆಟ್ಟಿಲ ತಿರುವಿನಿಂದ ದರ್ಜಿ ಮೇಲೆ ಬಂದ. ಹತ್ತು ಗಂಟೆಯಿಂದಲೂ ಅವನು ಅಲ್ಲೇ, ಗೋಡೆಯ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದನಂತೆ. ಚೀಟಿ ತೆಗೆದುಕೊಂಡ, ಸಾಲನ್ನು ದಾಟಿ ನಡೆದು ಬಂದ, ಬೆಂಚಿನ ಮುಂದೆ ನಿಂತ. ಬೆಂಚು ಭರ್ತಿಯಾಗಿತ್ತು.

"ಮನಸ್ಸಿನ ಡಾಕ್ಟ್ರಿಗೆ ಇದೇ ಸಾಲಾ?" ಎಂದ, ಎಲ್ಲರಿಗೂ ಕೇಳುವಂತೆ.

ಡ್ರೈವರು ಸರಿದ, ಬಾಣಂತಿ ಸರಿದಳು, ಗೇಣಗಲದ ಜಾಗವಾಯಿತು. ಇಳಿದ ಮೈಗೆ ಅಷ್ಟು ಸಾಕಾಗುತ್ತದೆ ಎಂದು ದರ್ಜಿಯೇ ಹೇಳಿ ಕೂತ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು, ಈ ಸಲದ ನಗುವಿನಲ್ಲಿ ಅವನೂ ಇದ್ದ. ತೂಕದಕ್ಕ ತನ್ನ ಸರದಿಯನ್ನು ಮೂರನೆಯ ಸಲ ಬಿಟ್ಟುಕೊಟ್ಟಳು.

ಅವನು ಒಳಗೆ ಮುಕ್ಕಾಲು ಗಂಟೆ ಇದ್ದ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಔಷಧದ ಚೀಟಿ ಇತ್ತು. ಹದಿನೈದು ದಿನ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ ಎಂದ. ಆಮೇಲೆ ಸುಮ್ಮನೆ ಅವಳ ಪಕ್ಕ ಕೂತ. ಹೇಳಲೋ ಬೇಡವೋ ಎಂಬಂತೆ ಚೀಟಿಯನ್ನು ಮಡಿಸಿದ, ಬಿಚ್ಚಿದ.

"ಮನೇಲಿ ಇನ್ನ್ಯಾರಿಗಾದ್ರೂ ಹೀಗಾಗಿತ್ತಾ ಅಂತ ಕೇಳಿದ್ರಕ್ಕ. ಅಪ್ಪನ ವಿಷಯ ಎಲ್ಲಾ ಹೇಳ್ದೆ. ಅವರು ನಗ್ಲಿಲ್ಲ." ದರ್ಜಿ ಚೀಟಿಯನ್ನು ಮತ್ತೊಮ್ಮೆ ಮಡಿಸಿದ. "ಅಪ್ಪಂಗೂ ಔಷಧ ಇತ್ತಂತೆ. ಆವಾಗ್ಲೂ ಇತ್ತಂತೆ."

ತೂಕದಕ್ಕ ಅವನ ಕೈ ಹಿಡಿದುಕೊಂಡಳು. ಅಕ್ಕನಿಗೆ ಇವತ್ತೇ ಹೇಳುತ್ತೇನೆ, ಅಪ್ಪನದು ಹುಚ್ಚಾಗಿರಲಿಲ್ಲ, ಕಾಯಿಲೆಯಾಗಿತ್ತು ಎಂಬುದನ್ನು ಅವಳಿಗೂ ಹೇಳಬೇಕು ಎಂದು ದರ್ಜಿ ಎದ್ದ. ಒಳಗಿನಿಂದ ಡಾಕ್ಟರು ಮುಂದಿನವರು ಬನ್ನಿ ಎಂದರು. ಅವಳು ಕಣ್ಣೊರೆಸಿಕೊಂಡು, ಬಾಗಿಲನ್ನು ಅಗಲವಾಗಿ ತೆರೆದು ಒಳಗೆ ಹೋದಳು.